ನಗರಾಡಳಿತದ ‘ಪರಿಶೀಲನೆಗೆ ಹೌದು’ ಎಂದರೆ ‘ಬದಲಾವಣೆಗೆ ಹೌದು’ ಎಂದೇ?

ನಿಮ್ಮ ಊರಿನ ಆಡಳಿತ ಪದ್ಧತಿ ಸರಿಯಿದೆಯೇ, ಒಮ್ಮೆ ಪರಿಶೀಲಿಸಬೇಕೇ ಎಂದು ಯಾರಾದರೂ ನಿಮ್ಮನ್ನು ಕೇಳಿದ್ದಾರೆಯೇ? ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಹತ್ತು ವರ್ಷಕ್ಕೊಮ್ಮೆ ಮತಪತ್ರದಲ್ಲೇ ಈ ಪ್ರಶ್ನೆ ಕೇಳುತ್ತಾರೆ. ಅಲ್ಲಿನ 1972ರ ರಾಜ್ಯ ಸಂವಿಧಾನದಲ್ಲಿಯೇ ಈ ವ್ಯವಸ್ಥೆ ಇದೆ. ಕಳೆದ ಬಾರಿ ಈ ಮತದಾನ ನಡೆದದ್ದು 2024ರ ಜೂನ್‌ನಲ್ಲಿ.

ತಪ್ಪು ಕಲ್ಪನೆ: ‘ಹೌದು’ ಎಂದರೆ ಮೇಯರ್ ಮನೆಗೆ

ಇದು ನಿಜವಲ್ಲ. ಈ ಮತದಿಂದ ಯಾರ ಕುರ್ಚಿಯೂ ಹೋಗುವುದಿಲ್ಲ. ಪೂರ್ತಿ ದೇಹದ ತಪಾಸಣೆಗೆ ಒಪ್ಪಿದ ಮಾತ್ರಕ್ಕೆ ನಾವು ಆಪರೇಷನ್‌ಗೆ ಒಪ್ಪಿದಂತೆ ಆಗುತ್ತದೆಯೇ? ಇದೂ ಹಾಗೆಯೇ.

ನಿಜವಾಗಿ ನಡೆಯುವುದೇನು?

1. ಪರಿಶೀಲನೆ ಬೇಕೇ, ಬೇಡವೇ ಎಂದು ಜನ ಮತ ಹಾಕುತ್ತಾರೆ. ಅಧ್ಯಯನ ಆಯೋಗದಲ್ಲಿ ಎಷ್ಟು ಸದಸ್ಯರು, ಖರ್ಚಿನ ಮಿತಿ ಎಷ್ಟು ಎಂಬುದೂ ಮತಪತ್ರದಲ್ಲೇ ಇರುತ್ತದೆ.

2. ‘ಹೌದು’ ಗೆದ್ದರೆ, ನವೆಂಬರ್‌ನಲ್ಲಿ ಆಯೋಗದ ಸದಸ್ಯರನ್ನು ಜನರೇ ಆರಿಸುತ್ತಾರೆ.

3. ಆಯೋಗ ಸುಮಾರು ಎರಡು ವರ್ಷ ಅಧ್ಯಯನ ಮಾಡುತ್ತದೆ. ಅಧಿಕಾರ ಮೇಯರ್ ಕೈಯಲ್ಲಿರಬೇಕೇ, ನೇಮಕಗೊಂಡ ಮ್ಯಾನೇಜರ್ ಕೈಯಲ್ಲಿರಬೇಕೇ? ಸದಸ್ಯರನ್ನು ವಾರ್ಡ್‌ವಾರು ಆರಿಸಬೇಕೇ? ಇಂತಹ ಪ್ರಶ್ನೆಗಳನ್ನು ಅದು ನೋಡುತ್ತದೆ.

4. ಆಯೋಗ ಬದಲಾವಣೆ ಸೂಚಿಸಿದರೆ ಮತ್ತೆ ಮತದಾನ. ಜನ ತಿರಸ್ಕರಿಸಿದರೆ ಹಳೆಯ ಪದ್ಧತಿಯೇ ಮುಂದುವರಿಯುತ್ತದೆ.

ಬೋಜ್‌ಮನ್ ನಗರದ ಉದಾಹರಣೆ ನೋಡಿ. ಅಲ್ಲಿ 2004ರ ಮತದಾನದ ನಂತರ ಪರಿಶೀಲನೆ ನಡೆದು, 2006ರಲ್ಲಿ ಜನ ನಗರಕ್ಕೆ ತನ್ನದೇ ಸನ್ನದು, ಅಂದರೆ ಊರಿನದೇ ಒಂದು ಪುಟ್ಟ ಸಂವಿಧಾನ, ಬೇಕೆಂದು ಒಪ್ಪಿದರು. ಆದರೆ ಮ್ಯಾನೇಜರ್ ಪದ್ಧತಿ ಹಾಗೆಯೇ ಉಳಿಯಿತು. 2024ರಲ್ಲಿ ಮತ್ತೆ ಪರಿಶೀಲನೆಗೆ ‘ಹೌದು’ ಎಂದರು.

ಹಾಗಾದರೆ ಇದರಿಂದ ಲಾಭವೇನು?

ಪರಿಶೀಲನೆಗೆ ಹಣ, ಸಮಯ ಎರಡೂ ಬೇಕು. ಎಲ್ಲ ಚೆನ್ನಾಗಿದೆ ಎನಿಸಿದರೆ ‘ಬೇಡ’ ಎನ್ನುವುದೂ ಸರಿಯಾದ ಉತ್ತರವೇ. ಆದರೆ ರಸ್ತೆ ಹಾಳಾದಾಗ, ನೀರು ಬಾರದಿದ್ದಾಗ ಯಾರನ್ನು ಹೊಣೆ ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಆಡಳಿತ ಪದ್ಧತಿಯೇ. ಅಧಿಕಾರದಲ್ಲಿರುವವರು ತಾವಾಗಿಯೇ ಈ ಪ್ರಶ್ನೆ ಎತ್ತುವುದು ಅಪರೂಪ. ಅದಕ್ಕೇ ಅಲ್ಲಿ ಹತ್ತು ವರ್ಷದ ಗಡುವು.

ನಮ್ಮಲ್ಲಿ ಹೇಗೆ?

ನಮ್ಮಲ್ಲಿ ಇದನ್ನು ನಿರ್ಧರಿಸುವುದು ರಾಜ್ಯದ ಶಾಸಕಾಂಗ ಮತ್ತು ಸರ್ಕಾರ. 2025ರಲ್ಲಿ ಬಿಬಿಎಂಪಿ ಬದಲು ಬೆಂಗಳೂರಿಗೆ ಐದು ಪಾಲಿಕೆಗಳು ಬಂದವು. ಆಕ್ಷೇಪಣೆ ಸಲ್ಲಿಸಲು ಜನರಿಗೆ ಅವಕಾಶವಿತ್ತು, ಮತದಾನ ಇರಲಿಲ್ಲ.

ಆದ್ದರಿಂದ ‘ಆ ಊರಿನವರು ತಮ್ಮ ಸರ್ಕಾರವನ್ನೇ ಕಿತ್ತೊಗೆದರು’ ಎಂಬಂತಹ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಒಂದನ್ನು ನೋಡಿ: ಜನ ಮತ ಹಾಕಿದ್ದು ಪರಿಶೀಲನೆಗೋ, ಬದಲಾವಣೆಗೋ?