ಎದ್ದು ಹೋಗುವ ಹಕ್ಕು ಯಾರದು?

ಗ್ಯಾರಿ ಮಾರ್ಷಲ್ ನಿರ್ದೇಶನದ ‘ಪ್ರೆಟಿ ವುಮನ್’ (1990) ಚಿತ್ರದಲ್ಲಿ ಉದ್ಯಮಿ ಎಡ್ವರ್ಡ್, ಲೈಂಗಿಕ ಕಾರ್ಯಕರ್ತೆ ವಿವಿಯನ್‌ಳ ಒಂದು ವಾರದ ಸಾಂಗತ್ಯಕ್ಕೆ 3,000 ಡಾಲರ್ ಗೊತ್ತುಮಾಡುತ್ತಾನೆ. ಒಪ್ಪಂದವಾದ ಮೇಲೆ, ಎರಡು ಸಾವಿರಕ್ಕೂ ಒಪ್ಪುತ್ತಿದ್ದೆನೆಂದು ಆಕೆ, ನಾಲ್ಕು ಸಾವಿರವನ್ನೂ ಕೊಡುತ್ತಿದ್ದೆನೆಂದು ಆತ ಹೇಳಿಕೊಳ್ಳುತ್ತಾರೆ. ಅರ್ಥಶಾಸ್ತ್ರದ ಲೆಕ್ಕದಲ್ಲಿ ಇಬ್ಬರಿಗೂ ತಲಾ ಒಂದು ಸಾವಿರ ಲಾಭ.

ಆದರೆ ಲಾಭ ಸಮನಾದ ಮಾತ್ರಕ್ಕೆ ಬಲ ಸಮನಾಗದು. ಒಪ್ಪಂದ ಮುರಿದರೆ ಆತ ಕಳೆದುಕೊಳ್ಳುವುದು ಕೆಲವು ದಿನಗಳ ಜೊತೆಯನ್ನು. ಆಕೆ, ಮನೆ ಬಾಡಿಗೆಯನ್ನು. ಜೆ.ಎಫ್. ಲಾಟನ್ ಬರೆದ ಮೂಲ ಚಿತ್ರಕಥೆ ಅಗಲಿಕೆಯಲ್ಲಿಯೇ ಮುಗಿದಿತ್ತು. ತೆರೆಗೆ ಬರುವಷ್ಟರಲ್ಲಿ ಅದು ಸುಖಾಂತವಾಯಿತು.

ಶಾನ್ ಬೇಕರ್ ಅವರ ‘ಅನೋರಾ’ (2024) ಆ ಸುಖಾಂತವನ್ನು ನಿರಾಕರಿಸುತ್ತದೆ. ರಷ್ಯದ ಕುಬೇರನ ಮಗ ವಾರಕ್ಕೆ 15,000 ಡಾಲರ್ ಕೊಟ್ಟು ಕರೆತಂದವಳನ್ನು ಲಾಸ್ ವೇಗಸ್‌ನಲ್ಲಿ ಮದುವೆಯಾಗುತ್ತಾನೆ. ಅವನ ಹೆತ್ತವರು ವಿವಾಹವನ್ನೇ ರದ್ದುಪಡಿಸುತ್ತಾರೆ. ಆಕೆಗೆ ದಕ್ಕುವುದು 10,000 ಡಾಲರ್. ಸಂಬಂಧದ ಬೆಲೆಯಂತೆ ಬಿಡುಗಡೆಯ ಬೆಲೆಯನ್ನೂ ಹಣವಂತರೇ ಕಟ್ಟಿದರು.

ಹಣದ ನಡುವೆ ಒಲವು ಮೂಡದೆಂದು ನಾನು ಹೇಳಲಾರೆ. ಆದರೆ ‘ಒಲ್ಲೆ’ ಎನ್ನಲು ಆರ್ಥಿಕ ಆಸರೆಯಿಲ್ಲದವರ ‘ಒಪ್ಪಿಗೆ’ಗೆ ತೂಕ ಕಡಿಮೆ. ಗಂಡನ ಸಂಪಾದನೆಯೊಂದನ್ನೇ ನೆಚ್ಚಿರುವ ನಮ್ಮ ಗೌರವಸ್ಥ ಸಂಸಾರಗಳೂ ಈ ಮಾತನ್ನು ತಮಗೆ ಅನ್ವಯಿಸಿಕೊಂಡು ನೋಡುವುದು ಲೇಸು.