ಮೇಲ್ ಭದ್ರವಾಗಿದೆ, ಬಾಗಿಲೇ ತೆರೆಯದಿದ್ದರೆ?

ಮೈಸೂರು: ಸಿದ್ಧಾರ್ಥನಗರದಂಥ ಬಡಾವಣೆಯ ಅಂಗಡಿಗಳಿಗೂ ಈಗ ಕೊಟೇಶನ್, ಬಿಲ್, ಆಡಿಟರ್‌ಗೆ ಕಳಿಸುವ ಲೆಕ್ಕ ಎಲ್ಲಾ ಇ-ಮೇಲ್‌ನಲ್ಲೇ. ತಿಂಗಳ ಜಿಎಸ್‌ಟಿ 3ಬಿ ರಿಟರ್ನ್‌ಗೆ 20ನೇ ತಾರೀಖು ಗಡುವು. ತೆರಿಗೆ ಕಟ್ಟಬೇಕಾದವರು ತಡ ಮಾಡಿದರೆ ದಿನಕ್ಕೆ 50 ರೂಪಾಯಿ ಶುಲ್ಕ, ಜೊತೆಗೆ ಬಡ್ಡಿ. ಅವತ್ತೇ ಮೇಲ್ ಲಾಗಿನ್ ಆಗದಿದ್ದರೆ?

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2020ರ ಡಿಸೆಂಬರ್ 14ರಂದು ಸಂಜೆ 5.16ರಿಂದ ಸುಮಾರು 47 ನಿಮಿಷ ಜಿಮೇಲ್ ಸೇರಿ ಗೂಗಲ್‌ನ ಲಾಗಿನ್ ಬೇಕಾದ ಸೇವೆಗಳು ಜಗತ್ತಿನಾದ್ಯಂತ ನಿಂತವು. ಮೇಲ್‌ಗಳು ಇದ್ದಲ್ಲೇ ಇದ್ದವು. ಬಂದವರು ಯಾರೆಂದು ಗುರುತಿಸುವ ವ್ಯವಸ್ಥೆಗೆ ಕೊಟ್ಟಿದ್ದ ಸ್ಟೋರೇಜ್ ಮಿತಿಯನ್ನು ಗೂಗಲ್‌ನದೇ ಸ್ವಯಂಚಾಲಿತ ಸಾಫ್ಟ್‌ವೇರ್ ತಪ್ಪಾಗಿ ಇಳಿಸಿಬಿಟ್ಟಿತ್ತು. ಪ್ರತಿಗಳು ಹಲವು ಕಡೆ ಇದ್ದರೂ ಲಗಾಮು ಒಂದೇ ಆಗಿತ್ತು.

ಅಂಗಡಿ ಹೆಸರಿನ ಸ್ವಂತ ಮೇಲ್ ಇರುವವರು ಇದನ್ನು ಗಮನಿಸಬೇಕು. ನೀವು ಪಾಸ್‌ವರ್ಡ್ ಹಾಕಿದಾಗ ಮೇಲ್ ಸರ್ವರ್ ಅದನ್ನು ಸಾಮಾನ್ಯವಾಗಿ ಒಂದು ಡೇಟಾಬೇಸ್‌ನಲ್ಲಿ ತಾಳೆ ನೋಡುತ್ತೆ. ಆ ಡೇಟಾಬೇಸ್ ಒಂದೇ ಇದ್ದು, ಅದು ಮಲಗಿದರೆ ಸರ್ವರ್ ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಸಮಾಧಾನದ ಸಂಗತಿ ಅಂದ್ರೆ, ತಾಳೆ ನೋಡೋದು ಬರೀ ಓದುವ ಕೆಲಸ. ಹಾಗಾಗಿ ಓದಲಷ್ಟೇ ಬರುವ ಇನ್ನೊಂದು ಪ್ರತಿ ಇದ್ದರೂ ಲಾಗಿನ್ ನಡೆಯುತ್ತೆ. ಪಾಸ್‌ವರ್ಡ್ ಬದಲಾಯಿಸೋದು ಮಾತ್ರ ಮೂಲ ಡೇಟಾಬೇಸ್ ಏಳುವವರೆಗೆ ಕಾಯಬೇಕು.

ಮೇಲ್ ಸೇವೆ ಕೊಡುವವರಿಗೆ ವರ್ಷದ ಹಣ ಕಟ್ಟುವ ಮುಂಚೆ ನಾಲ್ಕು ಮಾತು ಕೇಳಿ:

1. ಲಾಗಿನ್ ಡೇಟಾಬೇಸ್‌ಗೆ ಎರಡನೇ ಪ್ರತಿ ಇದೆಯಾ? ಅದು ಬೇರೆ ಯಂತ್ರ, ಬೇರೆ ಕರೆಂಟ್ ಲೈನ್‌ನಲ್ಲಿ ಇದೆಯಾ?

2. ಮೊದಲನೆಯದು ನಿಂತರೆ ಎರಡನೆಯದಕ್ಕೆ ತಾನಾಗೇ ಹೋಗುತ್ತಾ, ಇಲ್ಲ ಯಾರಾದರೂ ಬಂದು ಬದಲಾಯಿಸಬೇಕಾ?

3. ಎರಡೂ ನಿಂತರೆ ನಮಗೆ ಮೇಲ್ ಕಳಿಸಿದವರಿಗೆ ಏನು ಉತ್ತರ ಹೋಗುತ್ತೆ? ‘ಸ್ವಲ್ಪ ಹೊತ್ತು ಬಿಟ್ಟು ಕಳಿಸಿ’ ಎಂದರೆ ಅವರ ಸರ್ವರ್ ಮತ್ತೆ ಪ್ರಯತ್ನಿಸುತ್ತೆ. ‘ಇಂಥ ವಿಳಾಸವೇ ಇಲ್ಲ’ ಎಂದರೆ ಆರ್ಡರ್ ವಾಪಸ್ ಹೋದಂತೆ.

4. ಬ್ಯಾಕಪ್ ಬೇರೆ ಇದೆಯಾ? ತಪ್ಪಿ ಒಂದು ಖಾತೆ ಅಳಿಸಿದರೆ ಎರಡನೇ ಪ್ರತಿಯಲ್ಲೂ ಕ್ಷಣದಲ್ಲಿ ಅಳಿಸಿಹೋಗುತ್ತೆ. ಪ್ರತಿ ಬೇರೆ, ಬ್ಯಾಕಪ್ ಬೇರೆ.

‘ಎಲ್ಲಾ ಇದೆ ಸಾರ್’ ಎಂಬ ಉತ್ತರ ಸಾಲದು. ಅಂಗಡಿಯ ಜನರೇಟರನ್ನು ತಿಂಗಳಿಗೊಮ್ಮೆ ಚಾಲೂ ಮಾಡಿ ನೋಡುವ ಹಾಗೆ, ವ್ಯಾಪಾರ ಕಡಿಮೆ ಇರುವ ದಿನ ಮೊದಲ ಡೇಟಾಬೇಸನ್ನು ಹತ್ತು ನಿಮಿಷ ನಿಲ್ಲಿಸಿ, ಲಾಗಿನ್ ಆಗುತ್ತಾ ಅಂತ ತೋರಿಸೋಕೆ ಹೇಳಿ. ಅದನ್ನು 20ನೇ ತಾರೀಖಿಗೆ ಮಾತ್ರ ಇಟ್ಟುಕೊಳ್ಳಬೇಡಿ.