ನಷ್ಟ ಮಾತ್ರ ಸ್ವಂತದ್ದು

ನ್ಯಾಮತಿ, ಸವಳಂಗ, ಬೆಳಗುತ್ತಿ ಕಡೆ ಸರ್ಕಾರಿ ಸೇವೆಗಳ ಗ್ರಾಮ ಒನ್ ಕೇಂದ್ರ ನಡೆಸುವವರು ತಿಂಗಳಿಗಿಷ್ಟು ಗೌರವಧನ ಕೊಡಿ ಎಂದರೆ ಸಿದ್ಧ ಉತ್ತರವೊಂದಿದೆ: ‘ನೀವು ನೌಕರರಲ್ಲ, ಫ್ರಾಂಚೈಸಿಗಳು. ವ್ಯಾಪಾರ ನಿಮ್ಮದು, ಲಾಭ-ನಷ್ಟವೂ ನಿಮ್ಮದೇ.’ ಚಹಾದಂಗಡಿಗೋ ಬಟ್ಟೆಯಂಗಡಿಗೋ ತಮ್ಮ ಹೆಸರು ಕೊಟ್ಟು ಹಣ ಎಣಿಸುವ ಕಂಪನಿಗಳ ವಾದವೂ ಇದೇ.

ನೌಕರರಲ್ಲ, ಒಪ್ಪಿದೆ. ಆದರೆ ವ್ಯಾಪಾರ ಅವರದು ಹೇಗಾಯಿತು? ಗ್ರಾಮ ಒನ್ ನಮ್ಮ ದಾವಣಗೆರೆ ಜಿಲ್ಲೆಯಲ್ಲೇ ಪ್ರಾಯೋಗಿಕವಾಗಿ ಶುರುವಾಗಿ, 2022ರ ಜನವರಿ 26ರಂದು 12 ಜಿಲ್ಲೆಗಳಿಗೆ ಹಬ್ಬಿತು. ಸೇವೆ ಯಾವುದು, ಶುಲ್ಕ ಎಷ್ಟು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಸರ್ಕಾರದ ತೀರ್ಮಾನ. ಮಳಿಗೆ ಬಾಡಿಗೆ, ಕಂಪ್ಯೂಟರ್, ಪ್ರಿಂಟರ್, ಇಂಟರ್ನೆಟ್, ಕರೆಂಟ್ ಬಿಲ್ಲು ನಡೆಸುವವರ ತಲೆಗೆ. ಸರ್ವರ್ ಕೈಕೊಟ್ಟ ದಿನ ಬೈಗುಳವೂ ಅವರಿಗೇ. ದರ ಇಡುವ ಅಧಿಕಾರವಿಲ್ಲದವನನ್ನು ವ್ಯಾಪಾರಿ ಅನ್ನುವುದು ನಷ್ಟದ ಲೆಕ್ಕ ಬರೆಯುವಾಗ ಮಾತ್ರ ಅನುಕೂಲ.

‘ಗಿರಾಕಿ ಹಿಡಿಯಲು ಬಾರದವರು ಸೋಲುತ್ತಾರೆ’ ಎಂಬುದು ಇನ್ನೊಂದು ಮಾತು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗಿರಾಕಿಗೆ ಬರವಿತ್ತೇ? ಸಾಲು ರಸ್ತೆಗೆ ಬಂದಿತ್ತು. ಹೆಂಗಸರಿಂದ ಒಂದು ಪೈಸೆಯೂ ಮುಟ್ಟುವಂತಿರಲಿಲ್ಲ, ಅದು ಸರಿಯೇ. ಕಾಸು ಕಿತ್ತವರ ಲಾಗಿನ್ ಐಡಿ ರದ್ದು ಮಾಡುತ್ತೇವೆ ಎಂದು ಸರ್ಕಾರ ಎಚ್ಚರಿಸಿದ್ದನ್ನೂ ನಾನು ತಪ್ಪೆನ್ನುವುದಿಲ್ಲ. ಆದರೆ ಅದೇ ಕೆಲಸವನ್ನು ಬಾಪೂಜಿ ಸೇವಾ ಕೇಂದ್ರಗಳಿಗೂ ಹಂಚಿದರು. ಪಂಚಾಯಿತಿ ಕಟ್ಟಡದಲ್ಲೇ ಕೂತವರಿಗೆ ಬಾಡಿಗೆಯ ಚಿಂತೆಯಿಲ್ಲ. ಅದೇ ಮಾಲೀಕ ಅದೇ ಊರಲ್ಲಿ ಎರಡನೇ ಅಂಗಡಿ ತೆರೆದರೆ ಮೊದಲನೆಯವನ ಜಾಣತನ ಏನು ಮಾಡೀತು? ಜಗತ್ತಿನ ಎಲ್ಲೆಡೆ ಫ್ರಾಂಚೈಸಿ ಜಗಳಗಳು ಹೊತ್ತಿಕೊಳ್ಳುವ ಹಳೆಯ ಜಾಗ ಇದು. ಪ್ರದೇಶದ ಗಡಿಯನ್ನು ಕರಾರಿನಲ್ಲಿ ಬರೆಯದೆ, ಬರೆದರೂ ಮಾಲೀಕನಿಗೆ ವಿನಾಯಿತಿ ಇಟ್ಟುಕೊಂಡು, ಆಮೇಲೆ ‘ಸ್ಪರ್ಧೆ ಒಳ್ಳೆಯದು’ ಎಂದು ಉಪದೇಶಿಸುತ್ತಾರೆ.

‘ಓದಿ ಸಹಿ ಹಾಕಬೇಕಿತ್ತು’ ಅನ್ನುವವರಿಗೆ ವಿಕ್ರಮ್ ಬಕ್ಷಿ ಹೆಸರು ಸಾಕು. ಮೆಕ್‌ಡೊನಾಲ್ಡ್ಸ್ ಜೊತೆ 1995ರಲ್ಲಿ ಸಮಪಾಲಿನ ಪಾಲುದಾರರಾದ ದೆಹಲಿಯ ಉದ್ಯಮಿ; ವಕೀಲರಿಗೆ ಕೊರತೆಯಿರಲಿಲ್ಲ. 2013ರಲ್ಲಿ ವ್ಯವಸ್ಥಾಪಕ ನಿರ್ದೇಶಕ ಸ್ಥಾನ ಹೋಯಿತು. 2017ರ ಜುಲೈನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ ಅದನ್ನು ವಾಪಸು ಕೊಡಿಸಿತು. ಮರುತಿಂಗಳೇ ಕಂಪನಿ 169 ಮಳಿಗೆಗಳ ಫ್ರಾಂಚೈಸಿ ಕರಾರು ರದ್ದುಮಾಡುವುದಾಗಿ ಘೋಷಿಸಿತು. 2019ರಲ್ಲಿ ರಾಜಿ ಆಗಿ ಬಕ್ಷಿ ಪಾಲು ಕಂಪನಿಗೇ ಹೋಯಿತು. ಅರ್ಧ ಪಾಲಿನ ಒಡೆಯನ ಕಥೆಯೇ ಹೀಗಾದರೆ, ಮುದ್ರಿಸಿ ತಂದ ಕರಾರಿನ ಒಂದು ಸಾಲನ್ನೂ ತಿದ್ದಲಾಗದ ಹೊನ್ನಾಳಿ-ನ್ಯಾಮತಿಯ ಹುಡುಗ ಓದಿಯಾದರೂ ಏನು ಮಾಡಬೇಕು?

‘ಅನ್ಯಾಯವಾದರೆ ಕೋರ್ಟಿದೆಯಲ್ಲ.’ ಇದೆ. 1990ರಲ್ಲಿ ಇಂಡಿಯನ್ ಆಯಿಲ್ ಮತ್ತು ಅಮೃತಸರ ಗ್ಯಾಸ್ ಸರ್ವಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿರಲಿ: 30 ದಿನದ ನೋಟಿಸ್ ಕೊಟ್ಟು ಮುಗಿಸಬಹುದಾದ ಕರಾರಾದರೆ, ಏಜೆನ್ಸಿ ವಾಪಸು ಕೊಡಿಸಲು ಆಗದು, ಸಿಗುವುದು ಆ 30 ದಿನದ ಗಳಿಕೆಯಷ್ಟು ಪರಿಹಾರ. ಐದು ವರ್ಷದ ಸಾಲಕ್ಕೆ ಒಂದು ತಿಂಗಳ ಸಮಾಧಾನ!

ಸೋಮಾರಿ ಫ್ರಾಂಚೈಸಿಗಳೂ ಇದ್ದಾರೆ, ಕಲಬೆರಕೆ ಮಾಡಿ ಹೆಸರು ಕೆಡಿಸುವವರೂ ಇದ್ದಾರೆ. ಅವರನ್ನು ಹೊರಹಾಕಲಿ, ಕಾರಣ ಬರೆದುಕೊಟ್ಟು, ಅವರ ಮಾತು ಕೇಳಿ, ಡಿಪಾಜಿಟ್ ಲೆಕ್ಕ ಚುಕ್ತಾ ಮಾಡಿ ಹೊರಹಾಕಲಿ.

ಉಳಿದದ್ದು ‘ಕಾನೂನು ಬಂದರೆ ಬ್ರ್ಯಾಂಡುಗಳು ಓಡಿಹೋಗುತ್ತವೆ’ ಎಂಬ ಬೆದರಿಕೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಕಾನೂನಿಲ್ಲ. 1872ರ ಕರಾರು ಕಾಯ್ದೆಯಲ್ಲೇ ಕಾಲ ತಳ್ಳುತ್ತಿದ್ದೇವೆ. ಆಸ್ಟ್ರೇಲಿಯಾದಲ್ಲಿ 1998ರಿಂದ ನೀತಿ ಸಂಹಿತೆ ಇದೆ. ಫ್ರಾಂಚೈಸಿಗಳ ತವರಾದ ಅಮೆರಿಕದಲ್ಲಿ 1979ರಿಂದಲೇ ನಿಯಮವಿದೆ. ಅದರ ಈಗಿನ ರೂಪದಂತೆ ಸಹಿಗೆ, ಹಣಕ್ಕೆ ಕನಿಷ್ಠ 14 ದಿನ ಮೊದಲು ಕಂಪನಿ ತನ್ನ ಮೇಲಿನ ಮೊಕದ್ದಮೆಗಳು, ಮುಚ್ಚಿದ ಮಳಿಗೆಗಳು, ಇತ್ತೀಚೆಗೆ ಬಿಟ್ಟುಹೋದ ಫ್ರಾಂಚೈಸಿಗಳನ್ನು ಸಂಪರ್ಕಿಸುವ ವಿವರ, ಎಲ್ಲವನ್ನೂ ಕೊಡಬೇಕು. ಅಲ್ಲಿಂದ ಯಾವ ಬ್ರ್ಯಾಂಡೂ ಓಡಿಹೋಗಲಿಲ್ಲ. ಅಡಿಕೆ ತೋಟದ ಮೇಲೆ ಸಾಲ ಎತ್ತುವ ಮೊದಲು ಸುರಹೊನ್ನೆಯವನೊಬ್ಬ ಮಳಿಗೆ ಮುಚ್ಚಿದವರಿಗೆ ಫೋನ್ ಮಾಡಿ ವಿಚಾರಿಸಿದರೆ ಇಲ್ಲಿನ ಕಂಪನಿಗಳಿಗೇಕೆ ಭಯ?